ಲೊಕ್ಕಿ ಗದ್ಯಾಣ ಮತ್ತು ಅದನ್ನು ಅಚ್ಚು ಹಾಕಿದ ಊರು

ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲದ್ದು ದಾನಚಿಂತಾಮಣಿ ಅತ್ತಿಮಬ್ಬೆಯ ಮೂಲಕ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಆಕೆ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ ಇಲ್ಲಿ ಬಸದಿಯನ್ನು ಕಟ್ಟಿಸಿದಳು. ಬ್ರಹ್ಮಜಿನಾಲಯವೆಂದು ಪ್ರಸಿದ್ಧವಾದ ಆ ಬಸದಿಯ ಶಾಸನದ ಕಾಲ 1007. ಇದೇ ಲೊಕ್ಕಿಗುಂಡಿ ಕಮ್ಮಟದ ಊರೂ ಆಗಿತ್ತು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕಮ್ಮಟವೆಂದರೆ ಟಂಕಸಾಲೆ. ಇಲ್ಲಿ ಅಚ್ಚಾದ ಹೊನ್ನು ಶಾಸನಗಳಲ್ಲಿ 'ಲೊಕ್ಕಿ ಗದ್ಯಾಣ' ಎನಿಸಿಕೊಂಡಿದೆ. ನಂದಾದೀವಿಗೆಗೋ ಆಹಾರದಾನಕ್ಕೋ ಮೂಲಧನವನ್ನಿಟ್ಟು ಅದರ ಬಡ್ಡಿಯಿಂದ ಧರ್ಮ ನಡೆಯಬೇಕೆಂದು ಕಟ್ಟುಮಾಡುವ ದಾನಿಗೆ ಬರಿದೇ 'ಗದ್ಯಾಣ' ಎಂದರೆ ಸಾಲದು. ತೂಕವೂ ಬಣ್ಣವೂ ಕಮ್ಮಟದಿಂದ ಕಮ್ಮಟಕ್ಕೆ ಬೇರೆಯಾಗಬಹುದಾದಾಗ ಊರಿನ ಹೆಸರೇ ಹೊಣೆ.

ಇದೇ ಕಾಲದ ಇಂಗ್ಲೆಂಡಿನಲ್ಲಿ ಆ ಹೊಣೆಯನ್ನು ನಾಣ್ಯವೇ ಹೊತ್ತಿತ್ತು. ತೈಲಪನು ರಾಷ್ಟ್ರಕೂಟರನ್ನು ಕೆಡವಿದ 973ರ ಸುಮಾರಿನಲ್ಲೇ ಅಲ್ಲಿ ಎಡ್ಗರ್ ದೊರೆ ನಾಣ್ಯಪದ್ಧತಿಯನ್ನು ತಿದ್ದಿದನು. ಆಮೇಲಿನ ಬೆಳ್ಳಿಯ ಪೆನ್ನಿಯ ಒಂದು ಮುಖದಲ್ಲಿ ಅರಸನ ಹೆಸರು, ಇನ್ನೊಂದರಲ್ಲಿ ಅಚ್ಚುಹಾಕಿದವನ ಮತ್ತು ಊರಿನ ಹೆಸರು. ಖೋಟಾ ಮಾಡಿದವನ ಕೈ ಕಡಿದು ಕಮ್ಮಟದ ಮೇಲೆಯೇ ತೂಗಹಾಕಬೇಕೆಂದು ಹಿಂದಿನ ಏಥೆಲ್‌ಸ್ಟನ್ ದೊರೆಯ ಕಟ್ಟಳೆಯಿತ್ತು. ಅತ್ತಿಮಬ್ಬೆಯ ಬಸದಿಯ ಶಾಸನ ಹುಟ್ಟಿದ 1007ರಲ್ಲೇ ಏಥೆಲ್‌ರೆಡ್ ದೊರೆ ಡೇನರಿಗೆ ಭಾರಿ ಕಪ್ಪವನ್ನು ತೆತ್ತನು. ಕೆಲವೇ ವರ್ಷಗಳಲ್ಲಿ ಸಾಮರ್ಸೆಟ್ಟಿನ ಸೌತ್ ಕ್ಯಾಡ್‌ಬರಿಯ ಹಳೆಯ ಬೆಟ್ಟದ ಕೋಟೆಯೊಳಗೆ ಒಂದು ಕಮ್ಮಟ ತೆರೆಯಿತು. ಹತ್ತು ಹನ್ನೆರಡು ವರ್ಷ ನಡೆದು ನಿಂತೂಹೋಯಿತು. ಅದರ ಪೆನ್ನಿಗಳು ಇಂದು ಬಲು ವಿರಳ. ಆದರೂ ಅವುಗಳ ಮೇಲಿನ ಕೆಲವು ಅಕ್ಷರಗಳೇ ಆ ಊರನ್ನು ಚರಿತ್ರೆಯಲ್ಲಿ ಉಳಿಸಿವೆ.

ಲೊಕ್ಕಿಗುಂಡಿಯ ಸಂಗತಿ ಇದಕ್ಕೆ ತಿರುವುಮುರುವು. ಕಲ್ಯಾಣ ಚಾಲುಕ್ಯರ ಹೊನ್ನಿನ ಬಿಲ್ಲೆಗಳ ಮೇಲೆ ಬಿಡಿಬಿಡಿಯಾಗಿ ಒತ್ತಿದ ಮುದ್ರೆಗಳಿವೆ. 'ಜಗದೇಕಮಲ್ಲ'ನಂಥ ಬಿರುದನ್ನು ಓದುವುದಕ್ಕೂ ಶ್ರಮಪಡಬೇಕು. ಮೇಲಾಗಿ ಚಿನ್ನ ಕರಗಿ ಒಡವೆಯಾಗುವ ಲೋಹ. ಇಲ್ಲಿ ನಾಣ್ಯದ ಊರನ್ನು ಹೇಳುವುದು ಕಲ್ಲು. ಅದರಲ್ಲೂ ಕಂದವೃತ್ತಗಳ ಪ್ರಶಸ್ತಿಭಾಗವಲ್ಲ, ಅದು ಮುಗಿದ ಮೇಲೆ ಬರುವ ದಾನದ ಒಣಗದ್ಯ. ಸಾಹಿತ್ಯದ ಓದು ಬಹುಮಟ್ಟಿಗೆ ಪದ್ಯಕ್ಕೇ ನಿಲ್ಲುತ್ತದೆ. ಪಠ್ಯಸಂಕಲನಗಳೂ ಆ ಗದ್ಯವನ್ನು ಧಾರಾಳವಾಗಿ ಕತ್ತರಿಸುತ್ತವೆ. ಗದ್ಯಾಣ, ಪಣ, ಹಾಗ, ಬೇಳೆ, ವೀಸಗಳ ಲೆಕ್ಕವಿರುವುದು ಆ ಬಿಟ್ಟ ಭಾಗದಲ್ಲಿಯೇ.

ಹೊಯ್ಸಳ ಎರಡನೆಯ ವೀರಬಲ್ಲಾಳನು 12ನೆಯ ಶತಮಾನದ ಕೊನೆಗೆ ಸೇವುಣರನ್ನು ಸೋಲಿಸಿ ಲೊಕ್ಕಿಗುಂಡಿಯನ್ನೇ ನೆಲೆವೀಡಾಗಿ ಮಾಡಿಕೊಂಡನು. ದೋರಸಮುದ್ರದಿಂದ ಅಷ್ಟು ಬಡಗಲಿಗೆ ಬಂದ ಅರಸನು ಈ ಊರನ್ನೇ ಆರಿಸಿಕೊಂಡದ್ದರಲ್ಲಿ ಯುದ್ಧತಂತ್ರದ ಜೊತೆಗೆ ಅದರ ಹೊನ್ನಿನ ಹೆಸರಿಗೂ ಪಾಲಿದ್ದಿರಬೇಕು.