ಕಾಶ್ಮೀರದ ಮಿಶನ್ ಪಾಠಶಾಲೆಯಲ್ಲಿ ಕ್ರೀಡೆಯೂ ಶೀಲಶಿಕ್ಷಣವೂ

ಕಾಶ್ಮೀರವು ಕನ್ನಡನಾಡಿಗೆ ದೂರವಾದರೂ ನಮ್ಮ ವಿದ್ವಾಂಸರಿಗೆ ಅಪರಿಚಿತವಾದ ದೇಶವಲ್ಲ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿಂದ ಹೊರಟ ಬಿಲ್ಹಣಕವಿಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿ, ಆ ರಾಜನ ಚರಿತೆಯನ್ನು ಸಂಸ್ಕೃತಕಾವ್ಯವಾಗಿ ರಚಿಸಿದನು. ಅಂತಹ ಕವಿಗೆ ಜನ್ಮವಿತ್ತ ಪಂಡಿತಸಮುದಾಯದ ಬಾಲಕರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶ್ರೀನಗರದ ಕ್ರೈಸ್ತ ಪಾಠಶಾಲೆಯೊಂದರಲ್ಲಿ ಚರ್ಮದ ಚೆಂಡನ್ನು ಒದೆಯಬೇಕಾಗಿ ಬಂದಿತು. ಆಟದ ಮೂಲಕ ಕ್ರೈಸ್ತಶ್ರದ್ಧೆಯನ್ನೂ ಶೀಲವನ್ನೂ ಬಾಲಕರಲ್ಲಿ ಬೆಳೆಸಬೇಕೆಂಬ ಆ ಪ್ರಯತ್ನವು ಯಾವ ಅಂಶದಲ್ಲಿ ಫಲಿಸಿತು, ಯಾವ ಅಂಶದಲ್ಲಿ ಫಲಿಸಲಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಪದ್ಧತಿಯ ಮೂಲವು ಇಂಗ್ಲೆಂಡಿನಲ್ಲಿದೆ. ಕ್ರಿ. ಶ. ೧೮೫೭ರಲ್ಲಿ ಥಾಮಸ್ ಹ್ಯೂಸ್ ಎಂಬಾತನು ರಗ್ಬಿ ಪಾಠಶಾಲೆಯ ಜೀವನವನ್ನು ವರ್ಣಿಸುವ ‘ಟಾಮ್ ಬ್ರೌನನ ಶಾಲಾದಿನಗಳು’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಇವನೂ ಇವನ ಮಿತ್ರನಾದ ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಪಾದ್ರಿಯೂ ದೇಹಬಲವು ದೇವರ ದಾನವೆಂದೂ, ದುರ್ಬಲರ ರಕ್ಷಣೆಗಾಗಿಯೇ ಅದನ್ನು ಬಳಸತಕ್ಕುದೆಂದೂ ಸಾರಿದರು. ಈ ಮತಕ್ಕೆ ಆಗಿನ ವಿಮರ್ಶಕರು ‘ಸ್ನಾಯುಬಲದ ಕ್ರೈಸ್ತಧರ್ಮ’ವೆಂದು ಪರಿಹಾಸದಿಂದ ಹೆಸರಿಟ್ಟರು, ಆ ಹೆಸರೇ ಮುಂದೆ ರೂಢಿಯಾಯಿತು. ರಗ್ಬಿಯ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್ ಆರ್ನಲ್ಡನು ಆಟಕ್ಕಿಂತಲೂ ಪ್ರಾರ್ಥನೆಗೂ ನೀತಿಬೋಧೆಗೂ ಹೆಚ್ಚು ಗಮನವಿತ್ತವನು; ಆದರೂ ಅವನ ಶಿಷ್ಯಪರಂಪರೆಯಲ್ಲಿ ಆಟದ ಬಯಲು ದೇವಾಲಯಕ್ಕೆ ಸಮೀಪವಾಗುತ್ತ ಹೋಯಿತು. ತದನಂತರ ಈ ಭಾವನೆಯು ಪಾದ್ರಿಗಳೊಡನೆ ಸಮುದ್ರವನ್ನು ದಾಟಿತು.

ಹಾಗೆ ಬಂದವರಲ್ಲಿ ಸೆಸಿಲ್ ಟಿಂಡಲ್-ಬಿಸ್ಕೊ ಒಬ್ಬನು. ಇವನು ೧೮೬೩ರಲ್ಲಿ ಜನಿಸಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಮಾಡಿ, ೧೮೮೪ರಲ್ಲಿ ಆಕ್ಸ್‌ಫರ್ಡಿನವರೊಡನೆ ನಡೆದ ದೋಣಿಪಂದ್ಯದಲ್ಲಿ ತನ್ನ ವಿಶ್ವವಿದ್ಯಾಲಯದ ದೋಣಿಗೆ ಚುಕ್ಕಾಣಿ ಹಿಡಿದು ಜಯವನ್ನು ಗಳಿಸಿದ ತಂಡಕ್ಕೆ ಸೇರಿದವನು. ಪಾದ್ರಿಯಾದ ಮೇಲೆ ಲಂಡನಿನ ಪೂರ್ವಭಾಗದ ಬಡಜನರ ನಡುವೆ ಕೆಲಸಮಾಡಿ, ೧೮೯೦ರಲ್ಲಿ ಕಾಶ್ಮೀರಕ್ಕೆ ಬಂದನು. ಶ್ರೀನಗರದಲ್ಲಿ ಚರ್ಚ್ ಮಿಶನರಿ ಸೊಸೈಟಿಯ ಪಾಠಶಾಲೆಯು ೧೮೮೦ರಲ್ಲಿಯೇ ಆರಂಭವಾಗಿದ್ದಿತು. ಇವನಿಗೆ ಮೊದಲು ಅದನ್ನು ನಡೆಸುತ್ತಿದ್ದ ಹಿಂಟನ್ ನೋಲ್ಸ್ ಎಂಬ ಪಾದ್ರಿಯು ಕಾಶ್ಮೀರೀ ಗಾದೆಗಳನ್ನೂ ಜನಪದಕಥೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದ ವಿದ್ವಾಂಸನು. ವಿದ್ಯಾರ್ಥಿಗಳಲ್ಲಿ ಬಹುಮಂದಿ ಬ್ರಾಹ್ಮಣರು. ಸರಕಾರದ ಉದ್ಯೋಗಕ್ಕಾಗಿ ಓದುವುದು ಗೌರವವೆಂದೂ, ಮೈಬಗ್ಗಿಸಿ ದುಡಿಯುವುದು ಕೂಲಿಯವರ ಕೆಲಸವೆಂದೂ ಆ ಮನೆತನಗಳಲ್ಲಿ ಭಾವಿಸಲಾಗುತ್ತಿದ್ದಿತು. ಹೊಸ ಉಪಾಧ್ಯಾಯನು ಮೊದಲು ಎದುರಿಸಿದುದು ಈ ಭಾವನೆಯನ್ನೇ.

೧೮೯೧ರಲ್ಲಿ ಬಿಸ್ಕೊ ಮುಂಬಯಿಯಿಂದ ಒಂದು ಕಾಲ್ಚೆಂಡನ್ನು ತಂದನು. ಅದು ಚರ್ಮದ್ದೆಂದು ತಿಳಿದೊಡನೆ ಬಾಲಕರು ತಾವು ಅದನ್ನು ಮುಟ್ಟಲಾಗದೆಂದರು. ಉದ್ದವಾದ ನಿಲುವಂಗಿಯನ್ನು ತೊಟ್ಟು, ಕೆಂಡದ ಕಾಂಗಡಿಗಳನ್ನು ಹಿಡಿದಿದ್ದ ಅವರನ್ನು ಉಪಾಧ್ಯಾಯರು ದೊಣ್ಣೆಗಳೊಡನೆ ಬಯಲಿಗೆ ಅಟ್ಟಿಕೊಂಡು ಹೋಗಬೇಕಾಯಿತು. ನಗರದ ಜನರು ನೋಡಲು ನೆರೆದರು. ಆಟವು ಆರಂಭವಾದ ಬಳಿಕ ಚೆಂಡು ಒಬ್ಬ ಬಾಲಕನ ಮುಖಕ್ಕೆ ತಾಗಿತು. ತಾನು ಕೆಟ್ಟೆನೆಂದು ಅವನು ಅತ್ತನು. ಅವನ ಗೆಳೆಯರು ಆಟವನ್ನು ನಿಲ್ಲಿಸಿ ಸುತ್ತಲೂ ನಿಂತರು. ನೀರಿನ ಬಳಿಗೆ ಅವನನ್ನು ಕರೆದೊಯ್ದು ತೊಳೆಯಿರೆಂದು ಬಿಸ್ಕೊ ಹೇಳಿದನು. ಹಾಗೆಯೇ ಮಾಡಿ ಅವರು ಹಿಂದಿರುಗಿದ ಮೇಲೆ ಆಟವು ಮುಂದುವರಿಯಿತು.

ಈ ವೃತ್ತಾಂತವನ್ನು ಬರೆದಿಟ್ಟವನು ಬಿಸ್ಕೊ. ಅವನ ಬರವಣಿಗೆಯಲ್ಲಿ ಆ ಬಾಲಕರ ವಿಷಯವಾಗಿ ತಿರಸ್ಕಾರವು ಹಲವೆಡೆ ಕಾಣುವುದರಿಂದ, ಗೆದ್ದವನ ಸಾಕ್ಷ್ಯವೆಂದೇ ಅದನ್ನು ಎಚ್ಚರದಿಂದ ಓದತಕ್ಕುದು. ಅವನು ಇದನ್ನು ಮೂಢಾಚಾರದ ಸೋಲೆಂದು ಎಣಿಸಿದನು. ನಮಗಾದರೋ ಬೇರೊಂದು ಅರ್ಥವು ತೋರುತ್ತದೆ. ಸ್ಪರ್ಶದೋಷಕ್ಕೆ ಸ್ನಾನವು ಪರಿಹಾರವೆಂಬುದು ಧರ್ಮಶಾಸ್ತ್ರದ ಸಾಮಾನ್ಯ ವಿಧಿ. ನೀರಿಗೆ ಹೋಗಿ ಶುದ್ಧನಾಗಿ ಬಂದ ಬಾಲಕನು ತನ್ನ ಆಚಾರವನ್ನು ಬಿಡಲಿಲ್ಲ. ಆಚಾರವೇ ಕೊಟ್ಟಿದ್ದ ದಾರಿಯಿಂದ ಆಟಕ್ಕೆ ಮರಳಿದನು. ಅಂದು ಸೋತುದು ಶಾಸ್ತ್ರವಲ್ಲ, ಶಾಸ್ತ್ರವನ್ನು ನೆಪಮಾಡಿಕೊಂಡಿದ್ದ ಸಂಕೋಚವು.

ಮುಂದೆ ಕಾಲ್ಚೆಂಡಿನೊಡನೆ ಈಜು, ಮುಷ್ಟಿಯುದ್ಧ, ಬೆಟ್ಟವೇರುವುದು, ದೋಣಿ ನಡೆಸುವುದು ಎಲ್ಲವೂ ಪಾಠಕ್ರಮಕ್ಕೆ ಸೇರಿದವು. ವಿತಸ್ತೆಯ ದಡದ ನಗರದಲ್ಲಿ ಹುಟ್ಟುಹಾಕುವುದು ಅಂಬಿಗರ ಕಸುಬಾದುದರಿಂದ, ಬ್ರಾಹ್ಮಣಬಾಲಕನು ಹುಟ್ಟನ್ನು ಹಿಡಿಯುವುದು ಚೆಂಡನ್ನು ಒದೆಯುವುದಕ್ಕಿಂತ ಕಡಿಮೆಯ ಸಾಹಸವಾಗಿರಲಿಲ್ಲ. ನಿಯತವಾದ ವಯಸ್ಸಿಗೆ ಈಜು ಕಲಿಯದವನಿಗೆ ಶುಲ್ಕವನ್ನು ಹೆಚ್ಚಿಸಲಾಗುತ್ತಿದ್ದಿತು. ಅಂಕಗಳನ್ನು ಕೊಡುವಾಗ ಬುದ್ಧಿಗೆ ಒಂದು ಪಾಲು, ದೇಹಕ್ಕೆ ಒಂದು ಪಾಲು, ಆತ್ಮಕ್ಕೆ, ಎಂದರೆ ನಡತೆಗೂ ಪರೋಪಕಾರಕ್ಕೂ, ಒಂದು ಪಾಲು ಎಂದು ಮೂರಾಗಿ ವಿಭಾಗಿಸಲಾಯಿತು. ಪಾಠಶಾಲೆಯ ಲಾಂಛನದಲ್ಲಿ ಎರಡು ಹುಟ್ಟುಗಳು ಒಂದನ್ನೊಂದು ಅಡ್ಡಹಾಯ್ದಿವೆ: ಹುಟ್ಟು ಬಲದ ಗುರುತು; ಹೃದಯದ ಆಕಾರದ ಅದರ ಅಲಗು ದಯೆಯ ಗುರುತು; ಅಡ್ಡಹಾಯ್ದ ರೂಪವು ಶಿಲುಬೆಯನ್ನು ನೆನಪಿಗೆ ತರುವ ಆತ್ಮತ್ಯಾಗದ ಗುರುತು.

ಈ ಲಾಂಛನದ ಅರ್ಥವು ಪರೀಕ್ಷೆಗೆ ಬಂದುದು ಆಪತ್ಕಾಲದಲ್ಲಿ. ೧೮೯೨ರಲ್ಲಿ ಕಾಶ್ಮೀರವು ಕಾಲರಾ ರೋಗಕ್ಕೂ, ೧೮೯೩ ಮತ್ತು ೧೯೦೩ರಲ್ಲಿ ಮಹಾಪ್ರವಾಹಗಳಿಗೂ ತುತ್ತಾಯಿತು. ಮರದ ಮನೆಗಳಿಂದ ಕಿಕ್ಕಿರಿದ ಶ್ರೀನಗರದಲ್ಲಿ ಬೆಂಕಿಯ ಅನಾಹುತವೂ ಪದೇ ಪದೇ ಸಂಭವಿಸುತ್ತಿದ್ದಿತು. ನೆರೆಯಲ್ಲಿ ಸಿಕ್ಕಿದವರನ್ನು ದೋಣಿಗಳಲ್ಲಿ ಸಾಗಿಸುವುದು, ಮುಳುಗುವವರನ್ನು ಈಜಿ ಎಳೆತರುವುದು, ಬೆಂಕಿಯನ್ನು ನಂದಿಸುವುದು, ಆಸ್ಪತ್ರೆಯ ರೋಗಿಗಳನ್ನು ದೋಣಿಯಲ್ಲಿ ಕೂರಿಸಿ ಗಾಳಿಸೇವನೆಗೆ ಕರೆದೊಯ್ಯುವುದು ಇವೆಲ್ಲವನ್ನೂ ಆ ಪಾಠಶಾಲೆಯ ಬಾಲಕರೂ ಉಪಾಧ್ಯಾಯರೂ ಕ್ರಮವಾಗಿ ಕೈಕೊಂಡರು. ಹಾಗೆ ರಕ್ಷಿಸುವಾಗ ಜಾತಿಮತಗಳನ್ನು ಕೇಳತಕ್ಕುದಲ್ಲವೆಂಬುದು ಅಲ್ಲಿಯ ನಿಯಮವಾಗಿದ್ದಿತು. ಆಟದಲ್ಲಿ ಕಲಿತ ಈಜು ಇಲ್ಲಿ ಧರ್ಮವಾಯಿತು.

ಇಷ್ಟಾದರೂ ಪಾಠಶಾಲೆಯನ್ನು ಸ್ಥಾಪಿಸಿದವರ ಮೂಲೋದ್ದೇಶವನ್ನು ನಾವು ಮರೆಯಲಾಗದು. ಬೈಬಲ್ಲಿನ ಪಾಠವು ನಡೆಯುತ್ತಿದ್ದಿತು. ಕ್ರಿಸ್ತನನ್ನು ಪುರುಷೋತ್ತಮನ ಮಾದರಿಯೆಂದು ಬಾಲಕರ ಮುಂದೆ ನಿಲ್ಲಿಸಲಾಗುತ್ತಿದ್ದಿತು. ಆದರೆ ದೀರ್ಘಕಾಲದ ಈ ಕಾರ್ಯದಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದವರು ಅತ್ಯಲ್ಪಮಂದಿ. ಅವನೊಡನೆ ದುಡಿದ ಉಪಾಧ್ಯಾಯರಲ್ಲಿ ಹೆಚ್ಚಿನವರು ಹಿಂದೂಗಳಾಗಿಯೇ ಉಳಿದರು. ಮಿಶನ್ನಿನ ಅಭಿಮಾನಿಗಳಲ್ಲಿ ಕೆಲವರು ಇದಕ್ಕಾಗಿ ಬಿಸ್ಕೊವನ್ನು ಆಕ್ಷೇಪಿಸಿದರು. ಕ್ರಿಸ್ತನ ಹೆಸರನ್ನು ಧರಿಸುವುದಕ್ಕಿಂತ ಕ್ರಿಸ್ತನಂತೆ ಸೇವೆಮಾಡುವುದು ಮೇಲೆಂಬುದು ಅವನ ನಿಲುವಾಗಿದ್ದಿತು.

ಈ ಮಾತನ್ನು ನಮ್ಮ ಶಾಸ್ತ್ರದೃಷ್ಟಿಯಿಂದ ತೂಗಿ ನೋಡಬಹುದು. ಗೌತಮಧರ್ಮಸೂತ್ರವು ನಾಲ್ವತ್ತು ಸಂಸ್ಕಾರಗಳನ್ನು ಎಣಿಸಿದ ಮೇಲೆ ಎಂಟು ಆತ್ಮಗುಣಗಳನ್ನು ಹೇಳುತ್ತದೆ. ಸಂಸ್ಕಾರಗಳೆಲ್ಲವೂ ಇದ್ದು ಈ ಗುಣಗಳಿಲ್ಲದವನಿಗೆ ಪರಮಫಲವು ದೊರೆಯದೆಂದು ನಿರ್ಣಯಿಸುತ್ತದೆ. ಆ ಎಂಟರಲ್ಲಿ ಶೌಚವೂ ಉಂಟು. ಆದರೆ ಸರ್ವಭೂತದಯೆಯು ಮೊದಲನೆಯದು. ಚರ್ಮವನ್ನು ಮುಟ್ಟಲಾರೆನೆಂಬ ಬಾಲಕನು ಶೌಚವನ್ನು ಕಾಯುತ್ತಿದ್ದನು. ಮುಳುಗುವವನ ಜಾತಿಯನ್ನು ಕೇಳದೆ ನೀರಿಗೆ ಧುಮುಕಿದ ಬಾಲಕನು ದಯೆಯನ್ನು ಸಾಧಿಸಿದನು. ಎರಡನೆಯದಕ್ಕೆ ಕ್ರೈಸ್ತನಾದ ಗುರುವು ಪ್ರೇರಕನಾದುದರಿಂದ ಅದರ ಪುಣ್ಯವು ಕುಂದುವುದಿಲ್ಲ; ಆ ದಯೆಯು ನಮ್ಮ ಶಾಸ್ತ್ರಕ್ಕೆ ಪರಕೀಯವೂ ಅಲ್ಲ.

ಆದರೂ ದೊಣ್ಣೆಯ ವಿಷಯವು ಉಳಿಯುತ್ತದೆ. ಬಲಾತ್ಕಾರದಿಂದ ಬಾಲಕನ ಕಾಲನ್ನು ಚಲಿಸುವಂತೆ ಮಾಡಬಹುದು. ಮನಸ್ಸನ್ನು ಚಲಿಸುವಂತೆ ಮಾಡಲಾಗದು. ಕಾಲ್ಚೆಂಡಿನ ದಿನ ಬಾಲಕರು ಭಯದಿಂದ ಓಡಿದರು. ಪ್ರವಾಹದ ದಿನ ಗುರುವೂ ಉಪಾಧ್ಯಾಯರೂ ತಾವೇ ಮೊದಲು ಹುಟ್ಟುಹಾಕಿದುದನ್ನು ಕಂಡು ಹಿಂಬಾಲಿಸಿದರು. ಶೀಲವು ಬೆಳೆದುದು ಎರಡನೆಯ ದಾರಿಯಿಂದಲೇ ಎಂದು ನಮ್ಮ ಅಭಿಪ್ರಾಯ. ಆಟವು ತಾನಾಗಿ ಯಾರನ್ನೂ ಸಜ್ಜನನನ್ನಾಗಿ ಮಾಡದು. ಗೆಲವಿನ ಗರ್ವವನ್ನು ಬೆಳೆಸುವ ಶಕ್ತಿಯೂ ಅದಕ್ಕುಂಟು. ಅದು ಕೊಡುವ ಬಲವನ್ನು ಪರರ ಸಂಕಟದ ಕಡೆಗೆ ತಿರುಗಿಸುವ ಗುರುವಿದ್ದಲ್ಲಿ ಮಾತ್ರ ಅದು ಶಿಕ್ಷಣವಾಗುತ್ತದೆ.

ಬಿಸ್ಕೊ ೧೯೪೭ರಲ್ಲಿ ಕಾಶ್ಮೀರವನ್ನು ಬಿಟ್ಟು ಆಫ್ರಿಕಾಖಂಡದ ರೊಡೀಸಿಯಕ್ಕೆ ಹೋಗಿ, ೧೯೪೯ರಲ್ಲಿ ಅಲ್ಲಿಯೇ ಮೃತನಾದನು. ಶ್ರೀನಗರದ ಪಾಠಶಾಲೆಯು ಅವನ ಹೆಸರಿನಲ್ಲಿಯೇ ನಡೆದುಬಂದಿದೆ. ಅವನು ಎತ್ತಿಹಿಡಿದ ಮತವನ್ನು ಸ್ವೀಕರಿಸದವರ ಮಕ್ಕಳೂ ಮೊಮ್ಮಕ್ಕಳೂ ಅಲ್ಲಿ ಓದಿದರು, ಈಜಿದರು, ಹುಟ್ಟುಹಾಕಿದರು. ಮತಪ್ರಸಾರದ ಲೆಕ್ಕದಲ್ಲಿ ಇದು ಅಲ್ಪವೆನಿಸಬಹುದು. ವಿದ್ಯೆಯ ಇತಿಹಾಸದಲ್ಲಿ ಅಲ್ಪವಲ್ಲ.