ಹಾಲುಬಾಯಿಯಲ್ಲಿ ಹಾಲು ಎಲ್ಲಿದೆ?

ಅಕ್ಕನ ಮನೆಯ ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಯಾರೋ ಹಿರಿಯರು ಅವಳ ಎರಡು ವರ್ಷದ ಮಗಳ ಬಾಯಿಗೆ ಒಂದು ಚಮಚ ಶಾವಿಗೆ ಪಾಯಸ ಇಟ್ಟರು. ಮಗೂಗೆ ಹಾಲು ಆಗಲ್ಲ ಅಂತ ಅಕ್ಕ ಬೆಳಗ್ಗೆಯಿಂದ ಹತ್ತು ಸಲ ಹೇಳಿದ್ದಳು. "ಒಂದು ಚಮಚಕ್ಕೆ ಏನಾಗುತ್ತೆ ಬಿಡಮ್ಮ" ಅಂದರು ಅವರು. ಸ್ವಲ್ಪ ಹೊತ್ತಿಗೆ ಮಗುವಿನ ತುಟಿ ಊದಿತು, ಮೈಯೆಲ್ಲ ಪಿತ್ತಗಂಧೆ ಎದ್ದಿತು. ಹೊಸ ಮನೆಯ ಮೊದಲ ರಾತ್ರಿಯನ್ನು ನಾವು ಕಳೆದದ್ದು ಆಸ್ಪತ್ರೆಯ ಕುರ್ಚಿಗಳ ಮೇಲೆ.

ಮಗು ಹುಷಾರಾಯ್ತು. ಇದು ಲ್ಯಾಕ್ಟೋಸ್ ಸಮಸ್ಯೆಯಲ್ಲ. ಲ್ಯಾಕ್ಟೋಸ್ ಆಗದವರಿಗೆ ಹಾಲಿನಲ್ಲಿರುವ ಸಕ್ಕರೆ ಅರಗಲ್ಲ, ಹೊಟ್ಟೆ ಕೆಡುತ್ತೆ. ಅಲರ್ಜಿ ಇದ್ದವರಿಗೆ ಹಾಲಿನ ಪ್ರೋಟೀನೇ ವೈರಿ. ದೊಡ್ಡವರಾಗ್ತಾ ಬಹಳಷ್ಟು ಮಕ್ಕಳಿಗೆ ಇದು ಬಿಟ್ಟುಹೋಗುತ್ತೆ ಅಂತ ಡಾಕ್ಟರ್ ಹೇಳಿದ್ದು ಮನೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಎಲ್ಲರದ್ದೂ ಒಂದೇ ಮಾತು: "ಪಾಪ, ಹಾಲೇ ಇಲ್ಲ ಅಂದ್ರೆ ಆ ಮಗೂಗೆ ಹಬ್ಬಕ್ಕೆ ಸಿಹಿ ಏನು ಮಾಡ್ತೀರಾ?"

ನಾನು ಸೀದಾ ಸೂಪರ್ ಮಾರ್ಕೆಟ್ಟಿಗೆ ಹೋದೆ. ಬಾದಾಮಿಯ ಒಂದು ಡಬ್ಬಿ, ಓಟ್ಸ್‌ನ ಒಂದು ಡಬ್ಬಿ. ಬೆಲೆ ಕೇಳಬೇಡಿ. ಅದಕ್ಕೆ ಕಸ್ಟರ್ಡ್ ಪೌಡರ್ ಕಲಸಿ ಕಾಯಿಸಿದರೆ ಹಳದಿ ಬಣ್ಣದ ಗಂಜಿ ಆಯ್ತು. ಡಬ್ಬಿ ತಿರುಗಿಸಿ ನೋಡಿದರೆ ಅದರಲ್ಲಿ ಬಾದಾಮಿ ಇದ್ದದ್ದು ಕೆಲವೇ ಪರ್ಸೆಂಟ್, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ನೀರು. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲಿಯೂ 'ಮಿಲ್ಕ್' ಅಂತ ಬರೆದಿಲ್ಲ, 'ಡ್ರಿಂಕ್' ಅಂತ ಇದೆ.

ಕಾರಣ ಕಾನೂನು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2021ರ ಸೆಪ್ಟೆಂಬರ್‌ನಲ್ಲಿ, ಸಸ್ಯಗಳಿಂದ ಮಾಡಿದ ಪಾನೀಯಗಳನ್ನು ಹಾಲು ಅಂತ ಕರೆದು ಮಾರುವ ಹಾಗಿಲ್ಲ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕೊಟ್ಟಿತು. ಯುರೋಪಿನ ನ್ಯಾಯಾಲಯ ಇದೇ ಮಾತನ್ನು 2017ರ ಜೂನ್‌ನಲ್ಲೇ ಹೇಳಿತ್ತು. ಹಾಲು ಅಂದರೆ ಕೆಚ್ಚಲಿಂದ ಬಂದದ್ದು, ಸೋಯಾದ್ದು ಹಾಲಲ್ಲ. ಆದರೆ ಯುರೋಪಿನ ನಿಯಮಕ್ಕೆ ಒಂದು ವಿನಾಯಿತಿಯ ಪಟ್ಟಿ ಇದೆ. ಹಿಂದಿನಿಂದಲೂ ಬಳಕೆಯಲ್ಲಿರುವ ಹೆಸರುಗಳನ್ನು ಹಾಗೇ ಉಳಿಸಿಕೊಳ್ಳಬಹುದು. ತೆಂಗಿನ ಹಾಲು ಆ ಪಟ್ಟಿಯಲ್ಲಿದೆ. ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಬಾದಾಮಿ ಹಾಲು ಕೂಡ ಇದೆ. ನಮ್ಮಲ್ಲೂ ತೆಂಗಿನ ಹಾಲನ್ನು ಯಾರೂ ತಡೆದಿಲ್ಲ. ಬಾದಾಮಿ ಹಾಲು ಅನ್ನೋದು ಫಿಟ್ನೆಸ್ ಹುಚ್ಚಿನವರ ಹೊಸ ಶೋಕಿ ಅಂತ ನಂಬಿದ್ದ ನನಗೆ, ಆ ಹೆಸರು ಎಷ್ಟು ಹಳೆಯದಾಗಿದ್ದರೆ ಕಾನೂನು ತಾನಾಗಿಯೇ ದಾರಿ ಬಿಟ್ಟಿರಬೇಕು ಅನ್ನಿಸಿತು.

ಬಹಳ ಹಳೆಯದು. ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್‌ನ ಅಡುಗೆಯವರು ಸುಮಾರು 1390ರಲ್ಲಿ ಸಿದ್ಧಪಡಿಸಿದ 'ಫಾರ್ಮ್ ಆಫ್ ಕ್ಯೂರಿ' ಅನ್ನುವ ಪಾಕಪುಸ್ತಕ ಇದೆ. ಅದರ ಪುಟಪುಟದಲ್ಲೂ ಬಾದಾಮಿ ಹಾಲು. ಈಸ್ಟರ್‌ಗೆ ಮುಂಚಿನ 40 ದಿನ ಲೆಂಟ್ ಉಪವಾಸ. ಆಗ ಕ್ರೈಸ್ತರಿಗೆ ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಯೂ ನಿಷಿದ್ಧ. ವಾರದ ಕೆಲವು ದಿನಗಳೂ ಮಾಂಸವಿಲ್ಲದ ದಿನಗಳು, ಅವನ್ನು ಮೀನಿನ ದಿನ ಅಂತಲೇ ಕರೀತಿದ್ದರು. ಅಂಥ ದಿನಕ್ಕೆಂದೇ ಆ ಪುಸ್ತಕದಲ್ಲಿ ಒಂದು ಅನ್ನದ ಅಡುಗೆ ಇದೆ. ಬಾದಾಮಿಯ ಸಿಪ್ಪೆ ತೆಗೆದು ರುಬ್ಬಿ ನೀರು ಸೇರಿಸಿ ಹಾಲು ತೆಗಿ, ತೊಳೆದ ಅಕ್ಕಿ ಹಾಕು, ಸಕ್ಕರೆ, ಚೂರು ಉಪ್ಪು ಹಾಕಿ ಗಟ್ಟಿಯಾಗೋವರೆಗೆ ಬೇಯಿಸು, ಮೇಲೆ ಹುರಿದ ಬಾದಾಮಿ ಉದುರಿಸು. ನನಗಂತೂ ಓದಿದಾಗ ನಗು ಬಂತು. ಏಲಕ್ಕಿ ಒಂದು ಹಾಕಿಬಿಟ್ಟರೆ ನಮ್ಮ ಪಾಯಸವೇ.

ಅದೇ ಕಾಲದ ಇನ್ನೊಂದು ದೊಡ್ಡ ಹೆಸರು ಬ್ಲಾಂಕ್‌ಮಾಂಜ್. 'ಬಿಳಿ ಊಟ' ಅಂತ ಅರ್ಥ. ಇಂಗ್ಲಿಷ್ ಕವಿ ಚಾಸರ್‌ನ ಅಡುಗೆಯವನಿಗೆ ಇದನ್ನು ಮಾಡೋದರಲ್ಲಿ ಎತ್ತಿದ ಕೈ. ಅಕ್ಕಿ, ಬಾದಾಮಿ ಹಾಲು, ಸಕ್ಕರೆ, ಜೊತೆಗೆ (ಸಸ್ಯಾಹಾರಿಗಳು ಸ್ವಲ್ಪ ಕ್ಷಮಿಸಿ) ಎಳೆಎಳೆಯಾಗಿ ಬಿಡಿಸಿದ ಕೋಳಿ. ಉಪವಾಸದ ದಿನ ಕೋಳಿಯ ಬದಲು ಮೀನು. ಕಾಲ ಕಳೆದ ಹಾಗೆ ಕೋಳಿ ಹೋಯ್ತು, ಸಿಹಿ ಉಳೀತು. 19ನೇ ಶತಮಾನದ ಹೊತ್ತಿಗೆ ಬಾದಾಮಿಯೂ ಹೋಗಿ, ಕಾರ್ನ್‌ಫ್ಲೋರ್ ಮತ್ತು ಹಸುವಿನ ಹಾಲಿನ ಪುಡ್ಡಿಂಗ್ ಆಯ್ತು. ಹಾಲು ಕೂಡದ ದಿನಕ್ಕೂ ಒದಗುತ್ತಿದ್ದ ತಿನಿಸು ಕೊನೆಗೆ ಹಾಲಿಲ್ಲದೆ ಆಗುವುದೇ ಇಲ್ಲ ಅನ್ನುವ ಸ್ಥಿತಿಗೆ ಬಂತು.

ಉಪವಾಸ ಅಂದ ಕೂಡಲೇ ಭಕ್ತಿ ಅಂದುಕೊಳ್ಳಬೇಡಿ. ಬಾದಾಮಿ, ಸಕ್ಕರೆ ಎರಡೂ ಇಂಗ್ಲೆಂಡಿಗೆ ಹಡಗಿನಲ್ಲಿ ದೂರದಿಂದ ಬರಬೇಕಿತ್ತು. ಅಂದರೆ ಅರಮನೆಯವರು ಮಾತ್ರ ಉಪವಾಸದಲ್ಲೂ ಪುಡ್ಡಿಂಗ್ ತಿಂದರು, ಬಡವರು ನಿಜವಾಗಿ ಉಪವಾಸ ಮಾಡಿದರು. ಫ್ರಾನ್ಸಿನ ರುವಾನ್ ಪಟ್ಟಣದ ಕೆಥೆಡ್ರಲ್‌ನಲ್ಲಿ 'ಬೆಣ್ಣೆ ಗೋಪುರ' ಅಂತಲೇ ಒಂದು ಗೋಪುರ ಇದೆ. 1485ರಲ್ಲಿ ಕಟ್ಟಲು ಶುರು ಮಾಡಿದ್ದು. ಲೆಂಟ್‌ನಲ್ಲಿ ಬೆಣ್ಣೆ ತಿನ್ನಲು ಅನುಮತಿ ಬೇಕಾದವರು ಕೊಟ್ಟ ಕಾಣಿಕೆಯಿಂದ ಎದ್ದದ್ದಂತೆ, ಅದಕ್ಕೇ ಆ ಹೆಸರು.

ನನ್ನ ಹಳದಿ ಗಂಜಿಗೆ ಕಾರಣವಾದ ಕಸ್ಟರ್ಡ್ ಪೌಡರ್‌ನ ಕಥೆಯನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಅದು ನಮ್ಮಕ್ಕನ ಮನೆಯ ಕಥೆಯೇ. ಬರ್ಮಿಂಗ್‌ಹ್ಯಾಮ್‌ನ ಔಷಧಿ ಅಂಗಡಿಯ ಆಲ್ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ಮಾಡಿದ. ಹೆಂಡತಿಗೆ ಮೊಟ್ಟೆ ಆಗ್ತಿರಲಿಲ್ಲ, ಕಸ್ಟರ್ಡ್ ಅಂದರೆ ಇಷ್ಟ. ಮೊಟ್ಟೆಯ ಕೆಲಸವನ್ನು ಜೋಳದ ಹಿಟ್ಟಿನ ಕೈಲಿ ಮಾಡಿಸಿದ. ಅವಳಿಗೆ ಯೀಸ್ಟ್ ಕೂಡ ಆಗ್ತಿರಲಿಲ್ಲ, ಬೇಕಿಂಗ್ ಪೌಡರ್‌ಗೂ ಕೈ ಹಾಕಿದ. ಬೆಂಗಳೂರಿನ ಮದುವೆ ಊಟದಲ್ಲಿ ಹಣ್ಣಿನ ಜೊತೆ ಬಡಿಸೋ ಮೊಟ್ಟೆಯಿಲ್ಲದ ಕಸ್ಟರ್ಡ್‌ನ ಮೂಲದಲ್ಲಿ ಒಬ್ಬ ಗಂಡ ಹೆಂಡತಿಗೆ 'ಒಂದು ಚಮಚಕ್ಕೆ ಏನಾಗುತ್ತೆ' ಅನ್ನದೇ ಇದ್ದದ್ದು ಇದೆ.

ಇಷ್ಟೆಲ್ಲ ಹುಡುಕಿ, ಲೆಂಟ್ ಬಗ್ಗೆ ಅಕ್ಕನಿಗೆ ಫೋನಿನಲ್ಲಿ ಹೇಳ್ತಿದ್ದಾಗ ಅವಳ ಅತ್ತೆ ಪಕ್ಕದಿಂದಲೇ ಕೇಳಿಸಿಕೊಂಡು "ನಮ್ಮ ಕ್ಷೀರವ್ರತದ ಥರ ಅನ್ನಿ" ಅಂದರು. ಅವರ ತವರು ಉಡುಪಿ ಕಡೆ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲು ತರಕಾರಿ ಇಲ್ಲ, ಆಮೇಲೆ ಮೊಸರು ಇಲ್ಲ, ಮೂರನೇ ತಿಂಗಳು ಹಾಲು ಇಲ್ಲ, ಕೊನೆಗೆ ಬೇಳೆಕಾಳು ಇಲ್ಲ. ಭಾದ್ರಪದದಿಂದ ಆಶ್ವಯುಜಕ್ಕೆ ಹರಡಿಕೊಳ್ಳುವ ಆ ಮೂರನೇ ತಿಂಗಳಲ್ಲೇ ನವರಾತ್ರಿ ಬರುತ್ತೆ. ದಿನವೂ ನೈವೇದ್ಯ ಆಗಬೇಕು, ಹಾಲು ಮುಟ್ಟೋ ಹಾಗಿಲ್ಲ. ತೆಂಗಿನ ಹಾಲಿನಲ್ಲಿ ಪಾಯಸ ಮಾಡ್ತಾರೆ. ಇಂಗ್ಲೆಂಡಿನ ಅರಮನೆಗೂ ಉಡುಪಿಯ ಅಡುಗೆಮನೆಗೂ ಯಾವ ಸಂಬಂಧವೂ ಇಲ್ಲ. ಒಂದೇ ಥರದ ಪೇಚಿಗೆ ಇಬ್ಬರಿಗೂ ಒಂದೇ ಉಪಾಯ ಹೊಳೆದಿದೆ, ಅಷ್ಟೆ. ವ್ಯತ್ಯಾಸ ಏನಂದ್ರೆ, ಇಲ್ಲಿ ಕಾಯಿ ಹಿತ್ತಲಲ್ಲೇ ಇತ್ತು, ಹಡಗಿನಲ್ಲಿ ಬರಬೇಕಿರಲಿಲ್ಲ.

ಆದರೆ ಕರಾವಳಿ, ಮಲೆನಾಡಿನ ಹಾಲಿಲ್ಲದ ಸಿಹಿಗಳಿಗೆಲ್ಲ ವ್ರತವೇ ಕಾರಣ ಅಂದರೆ ನಾನು ಒಪ್ಪಲ್ಲ. ಮುಖ್ಯ ಕಾರಣ ಬೆಲ್ಲ ಅಂತ ನನ್ನ ಅಂದಾಜು. ಕುದಿಯುವ ಹಾಲಿಗೆ ಬೆಲ್ಲ ಹಾಕಿ ನೋಡಿ, ಒಡೆದುಹೋಗುತ್ತೆ. ಬೆಲ್ಲದಲ್ಲಿರುವ ಹುಳಿಯ ಅಂಶ ಹಾಲಿನ ಪ್ರೋಟೀನನ್ನು ಗಂಟು ಕಟ್ಟಿಸುತ್ತೆ. ತೆಂಗಿನ ಹಾಲಿಗೆ ಆ ಭಯ ಇಲ್ಲ, ಜೋರಾಗಿ ಕುದಿಸಬಾರದು ಅಷ್ಟೆ. ಸಕ್ಕರೆ ಮನೆಮನೆಗೆ ಬರೋಕೆ ಮುಂಚೆ ಸಿಹಿ ಅಂದರೆ ಬೆಲ್ಲವೇ ಆಗಿದ್ದ ನಾಡಿನಲ್ಲಿ ಬೆಲ್ಲಕ್ಕೆ ಒಗ್ಗುವ ಹಾಲು ಬೇಕಿತ್ತು. ಮೇಲಾಗಿ ಹಸುವಿನ ಹಾಲು ಎಲ್ಲಿತ್ತು? ಮಲೆನಾಡು ಗಿಡ್ಡ ಆಕಾರದಲ್ಲೂ ಗಿಡ್ಡ, ಹಾಲಿನಲ್ಲೂ ಅಷ್ಟಕ್ಕಷ್ಟೆ, ದಿನಕ್ಕೆ ಒಂದೆರಡು ಲೀಟರ್ ಕೊಟ್ಟರೆ ಹೆಚ್ಚು. ಅದರಲ್ಲಿ ಕರುವಿನ ಪಾಲು, ಮಕ್ಕಳ ಪಾಲು, ಮಜ್ಜಿಗೆಯ ಪಾಲು ಕಳೆದು ಪಾಯಸಕ್ಕೆ ಏನು ಉಳೀತು? ದೇಶದಲ್ಲಿ ಕ್ಷೀರ ಕ್ರಾಂತಿ ಶುರುವಾದದ್ದು 1970ರಲ್ಲಿ, ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕ್ ನೆರವಿನ ಡೈರಿ ಯೋಜನೆ ಬಂದದ್ದು 1974ರಲ್ಲಿ. ಬೆಳಗ್ಗೆ ಬಾಗಿಲಿಗೆ ಪ್ಯಾಕೆಟ್ ಬೀಳೋದು ನಮ್ಮಮ್ಮನ ಕಾಲದಿಂದೀಚಿನ ಮಾತು.

ಭಾಷೆಯೇ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ಕಬ್ಬಿನ ರಸ ಕಬ್ಬಿನ ಹಾಲು. ತೆನೆಯಲ್ಲಿ ಕಾಳು ಗಟ್ಟಿಯಾಗೋ ಮುಂಚೆ ತುಂಬುವುದು ಹಾಲು. ಪರಂಗಿಕಾಯಿ ಗೀರಿದರೆ ಒಸರುವುದು ಹಾಲು, ರಬ್ಬರ್ ತೋಟದಲ್ಲಿ ಚಿಪ್ಪಿಗೆ ಇಳಿಯೋದೂ ಹಾಲು. ನೆನೆಸಿದ ರಾಗಿ ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ರಾಗಿ ಹಾಲು. ಇದಕ್ಕೆಲ್ಲ ಕೆಚ್ಚಲಿನ ಸರ್ಟಿಫಿಕೇಟ್ ಯಾರೂ ಕೇಳಿರಲಿಲ್ಲ.

ಇನ್ನು ಹಾಲುಬಾಯಿ. ನನ್ನ ಗಂಜಿಯ ಕಥೆ ಕೇಳಿ ತೀರ್ಥಹಳ್ಳಿಯ ದೊಡ್ಡಮ್ಮ ಬೈದರು: "ಎಂತ ಮಾರಾಯ್ತಿ, ಮನೇಲಿ ರಾಗಿ ಇಲ್ವಾ? ಚಿಕ್ಕೋಳಿದ್ದಾಗ ನೀನು ತಟ್ಟೆ ಕೆರೆದು ತಿಂತಿದ್ದಿಯಲ್ಲ, ಅದರಲ್ಲಿ ಹಾಲು ಎಲ್ಲಿತ್ತು?"

ನಿಜ. ಹೆಸರಲ್ಲೇ ಹಾಲಿದೆ, ಇಷ್ಟು ವರ್ಷ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮುಂದಿನ ಭಾನುವಾರ ದೊಡ್ಡಮ್ಮ ವಿಡಿಯೋ ಕಾಲ್‌ನಲ್ಲಿ, ನಾನು ಅಕ್ಕನ ಅಡುಗೆಮನೆಯಲ್ಲಿ. ಒಂದು ಲೋಟ ರಾಗಿ ರಾತ್ರಿಯೇ ನೆನೆಸಿದ್ದೆ. ಒಂದು ತೆಂಗಿನಕಾಯಿಯ ತುರಿಯ ಜೊತೆ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಚರಟಕ್ಕೆ ಮತ್ತೆ ನೀರು ಹಾಕಿ ರುಬ್ಬಿ ಮತ್ತೆ ಹಿಂಡಿದೆ. ಒಟ್ಟು ನಾಲ್ಕು ಲೋಟದಷ್ಟು ಹಾಲು. ಒಂದು ಲೋಟ ಬೆಲ್ಲ ಕರಗಿಸಿ ಸೋಸಿ ಸೇರಿಸಿದೆ, ಚಿಟಿಕೆ ಉಪ್ಪು. ಸಣ್ಣ ಉರಿ. "ಕೈ ಬಿಡಬೇಡ, ತಳ ಹಿಡಿದ್ರೆ ಮುಗೀತು" ಅಂತ ಫೋನಿಂದ ಕೂಗು. ಹತ್ತು ನಿಮಿಷ ಏನೂ ಆಗಲ್ಲ, ಬರೀ ಕೆಸರು ನೀರು. ಆಮೇಲೆ ರಾಗಿಯ ಪಿಷ್ಟ ನೀರು ಕುಡಿದು ಉಬ್ಬೋಕೆ ಶುರು, ಇದ್ದಕ್ಕಿದ್ದ ಹಾಗೆ ಸೌಟು ಭಾರವಾಗುತ್ತೆ. ಅರ್ಧ ಗಂಟೆಗೆ ಮುದ್ದೆ ಪಾತ್ರೆಯ ಅಂಚು ಬಿಟ್ಟು ಹೊಳೆಯತೊಡಗಿತು.

"ಈಗ ಎರಡು ಚಮಚ ತುಪ್ಪ ಬಿಡು."

ಅಲ್ಲಿ ನಿಂತೆ. ತುಪ್ಪ ಹಾಲಿನದೇ, ಅದರಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು. ಕ್ಷೀರವ್ರತದಲ್ಲಿ ಮೊಸರು, ತುಪ್ಪ ನಡೆಯುತ್ತೆ, ಈ ಮಗುವಿಗೆ ನಡೆಯಲ್ಲ. ಹಳೆಯ ಅಡುಗೆ ಅಂದ ಮಾತ್ರಕ್ಕೆ ಕಣ್ಮುಚ್ಚಿ ನಂಬೋ ಹಾಗಿಲ್ಲ. ದೊಡ್ಡಮ್ಮ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ಕೊಬ್ಬರಿ ಎಣ್ಣೆ ಬಿಡು. ನಮ್ಮಮ್ಮ ತುಪ್ಪ ಇಲ್ಲದ ದಿನ ಅದನ್ನೇ ಬಿಡ್ತಿದ್ರು. ಬಡತನ ಅಂತ ನಾವು ಯಾರಿಗೂ ಹೇಳ್ತಿರಲಿಲ್ಲ" ಅಂದರು.

ಕೊಬ್ಬರಿ ಎಣ್ಣೆ ಸವರಿದ ತಟ್ಟೆಗೆ ಸುರಿದು, ಆರಿಸಿ, ವಜ್ರಾಕಾರಕ್ಕೆ ಕತ್ತರಿಸಿದೆ. ಗೃಹಪ್ರವೇಶದ ದಿನ ಚಮಚ ಇಟ್ಟಿದ್ದ ಹಿರಿಯರು ಅವತ್ತು ಮಗುವನ್ನು ನೋಡೋಕೆ ಅಂತ ಬಂದಿದ್ದರು. ಮಗು ಒಂದು ತುಂಡು ಕೈಲಿ ಹಿಡಿದು ಬಾಯಿಗೆ ಇಡೋ ಮುಂಚೆ ಅವರೇ ಕೇಳಿದರು, "ಏನೇನು ಹಾಕಿದ್ದೀಯಮ್ಮ ಇದಕ್ಕೆ? ಒಂದೊಂದಾಗಿ ಹೇಳು."