ಎರಡು ಮನೆಗಳ ನಡುವಿನ ಸ್ವರ

1983ರ ಜನವರಿ. ಅಮೆರಿಕದ ನಾಮ್ ಸಂಗೀತ ಮೇಳದಲ್ಲಿ ಪೈಪೋಟಿಯ ಎರಡು ಕಂಪನಿಗಳ ಸಿಂಥಸೈಸರುಗಳನ್ನು ಕೇಬಲ್ಲಿನಿಂದ ಜೋಡಿಸಿದರು. ಒಂದರ ಮನೆ ಒತ್ತಿದರೆ ಇನ್ನೊಂದು ನುಡಿಯಿತು. ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು ರೂಪಿಸಿದ ಆ ಮಾನಕವೇ ಮಿಡಿ.

ಮಿಡಿ ಸಾಗಿಸುವುದು ನಾದವನ್ನಲ್ಲ, ಅಂಕಿಗಳನ್ನು. 60 ಎಂದರೆ ಕೀಬೋರ್ಡಿನ ಮಧ್ಯದ 'ಸಿ', 61 ಎಂದರೆ ಪಕ್ಕದ ಕಪ್ಪು ಮನೆ. ನಡುವೆ ಏನೂ ಇಲ್ಲ. ಪಿಚ್ ಬೆಂಡಿನಿಂದ ಸ್ವರವನ್ನು ಸರಿಸಬಹುದು ನಿಜ. ಆದರೆ ಆ ಚಾನೆಲಿನ ಸ್ವರಗಳೆಲ್ಲ ಒಟ್ಟಿಗೇ ಸರಿಯುತ್ತವೆ. ಅರಬ್ಬರ ಮಖಾಮ್, ಜಾವಾದ ಗಮೆಲಾನ್, ಕೈಶಿಕಿಯೂ ಅಲ್ಲದ ಕಾಕಲಿಯೂ ಅಲ್ಲದ ನಮ್ಮ ಬೇಗಡೆಯ ನಿಷಾದ, ಇವಕ್ಕೆಲ್ಲ ಅಲ್ಲಿ ಜಾಗವಿಲ್ಲ.

ಪರಿಹಾರ 1992ರಲ್ಲೇ ಬಂದಿತ್ತು. ರಾಬರ್ಟ್ ರಿಚ್ ಮತ್ತು ಕಾರ್ಟರ್ ಶೋಲ್ಜ್ ರೂಪಿಸಿದ ಮಿಡಿ ಟ್ಯೂನಿಂಗ್ ಸ್ಟ್ಯಾಂಡರ್ಡ್ ಪ್ರಕಾರ 128 ಮನೆಗಳಲ್ಲಿ ಪ್ರತಿಯೊಂದನ್ನೂ ಬೇಕಾದ ಶ್ರುತಿಗೆ ಕೂರಿಸಬಹುದು. ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು 16,384 ಪಾಲು ಮಾಡುವಷ್ಟು ಸೂಕ್ಷ್ಮ ಅದು. (ಗಮಕ ಇದರಿಂದ ಬಾರದು, ಆ ಮಾತು ಬೇರೆ.)

ಫ್ಲೂಯಿಡ್‌ಸಿಂತ್‌ನಂಥ ಮುಕ್ತ ತಂತ್ರಾಂಶ ಈ ಸಂದೇಶಕ್ಕೆ ಓಗೊಡುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ಸಾಫ್ಟ್‌ವೇರ್ ವಾದ್ಯಗಳು ಓಗೊಡುವುದಿಲ್ಲ. ತಪ್ಪಾಯಿತೆಂಬ ಸೂಚನೆಯೂ ಇಲ್ಲದೆ ಅವು ಹಳೆಯ ಹನ್ನೆರಡು ಸ್ವರಗಳನ್ನೇ ನುಡಿಸುತ್ತವೆ. ಕೇಳುವವನು ತನ್ನ ಕಿವಿಯನ್ನೇ ಅನುಮಾನಿಸಬೇಕು. ಒಂದು ವಾದ್ಯಕ್ಕೆ ಸ್ಕಾಲಾ ಫೈಲ್ ಬೇಕು, ಮತ್ತೊಂದಕ್ಕೆ ಅದರದೇ ಮೆನು. ಹತ್ತು ವಾದ್ಯ ತೆರೆದರೆ ಹತ್ತು ಕಡೆ ಶ್ರುತಿ ಕೂಡಿಸುತ್ತ ಕೂರಬೇಕು. ಕಂಪನಿಗೊಂದು ಭಾಷೆಯಿದ್ದ 1983ಕ್ಕೆ ಮುಂಚಿನ ಪಾಡೂ ಇದೇ ಆಗಿತ್ತು.